ಗಿಣಿಗೆ ಕಾಲು ಇಂಚಿನ ಮೊಳಕೆ

ಆ ಕಾಲದ ಸಾಗರದಲ್ಲಿ ಹೊಲಿಗೆಯವರಿಗೇನೂ ಬರವಿರಲಿಲ್ಲ. ಒಂದೊಂದು ರಸ್ತೆಗೆ ಇಬ್ಬರಾದರೂ ಇದ್ದರು. ಆದರೆ ಹೊಲಿಯಲು ಕೊಟ್ಟ ರವಿಕೆ ಕಣದಲ್ಲಿ ಮೊದಲು ಹೆಸರುಕಾಳು ಕಟ್ಟಿ, ಮೊಳಕೆ ಬರಿಸಿ, ಆಮೇಲೆ ಅದೇ ಕಣದಲ್ಲಿ ರವಿಕೆ ಹೊಲಿದು ಕೊಡುತ್ತಿದ್ದವರು ಇಡೀ ತಾಲ್ಲೂಕಿಗೆ ನಮ್ಮ ಮಾವ ಒಬ್ಬರೇ! ನಂಬುವುದಿಲ್ಲವೇ? ತಾಳಿ, ನಾನಿನ್ನೂ ಅವರ ಸೊಂಟದ ವಿಷಯಕ್ಕೆ ಬಂದೇ ಇಲ್ಲ.

ಮಾವ ಎಂದರೆ ನನ್ನ ಸೋದರತ್ತೆಯ ಗಂಡ. ನಮ್ಮ ಊರು ತೀರ್ಥಹಳ್ಳಿಯ ಕಡೆ. ತೀರ್ಥಹಳ್ಳಿಯಲ್ಲೂ ಹೈಸ್ಕೂಲು ಇತ್ತು ಎನ್ನುವುದು ನಿಜ. ಆದರೆ ಅತ್ತೆಗೆ ಗಂಡನ ಮೇಲೆ ದೂರು ಹೇಳಿಕೊಳ್ಳಲು ಮನೆಯಲ್ಲಿ ಒಂದು ಜನ ಬೇಕಾಗಿತ್ತು. ಹಾಗಾಗಿ ಅಪ್ಪಯ್ಯ ನನ್ನನ್ನು ತಂದು ಸಾಗರದಲ್ಲಿ ಬಿಟ್ಟರು. ರಸ್ತೆಗೆ ಮುಖ ಮಾಡಿ ಅಂಗಡಿ, ಅದರ ಬೆನ್ನಿಗೆ ಎರಡು ಕೋಣೆ, ಅಡುಗೆಮನೆ, ಬಚ್ಚಲು. ನಾನು ಓದಿಕೊಳ್ಳುತ್ತಿದ್ದುದು ಬಟ್ಟೆ ಕತ್ತರಿಸುವ ಮೇಜಿನ ಒಂದು ಮೂಲೆಯಲ್ಲಿ ಕೂತು. ಆದ್ದರಿಂದ ಮುಂದೆ ಹೇಳುವುದರಲ್ಲಿ ಬಹುಪಾಲನ್ನು ಕಣ್ಣಾರೆ ಕಂಡವಳು ನಾನು. ಕಾಣದೆ ಇದ್ದದ್ದನ್ನು ಅತ್ತೆ ಎರಡೆರಡು ಸಲ ಹೇಳಿದ್ದಾರೆ.

ಮಾವನಿಗೆ ಒಂದು ಕಾಯಿಲೆಯಿತ್ತು. ಯಾರು ಏನು ಹೇಳಿದರೂ 'ಹೌದಾ' ಎಂದು ಸುಮ್ಮನಾಗುವುದು ಅವರಿಂದ ಆಗುತ್ತಿರಲಿಲ್ಲ. 'ಎಂತಕ್ಕೆ?' ಎಂದು ಕೇಳಲೇಬೇಕು. ಅಂಗಿಯ ಅಳತೆ ಕೊಡಲು ಬಂದವರು ಕೈ ಚಾಚಿ ನಿಂತಿದ್ದರೆ ಟೇಪನ್ನು ಅವರ ತೋಳಿನ ಮೇಲೇ ಬಿಟ್ಟು, "ಅಲ್ಲಾ, ನಿಮ್ಮ ಎಡಗೈ ಬಲಗೈಗಿಂತ ಅರ್ಧ ಇಂಚು ಉದ್ದ ಇದೆಯಲ್ಲ, ಎಂತಕ್ಕೆ?" ಎನ್ನುವರು. ಅಲ್ಲಿಯವರೆಗೆ ನೆಮ್ಮದಿಯಿಂದಿದ್ದ ಮನುಷ್ಯ ಎರಡೂ ಕೈ ಜೋಡಿಸಿ ಅಳೆದುಕೊಳ್ಳುತ್ತ ಮನೆಗೆ ಹೋಗುತ್ತಿದ್ದ. ಇಂಥವರ ಕೈಗೆ ಗಿಣಿ ಸಿಕ್ಕರೆ ಏನಾಗಬೇಡ ಹೇಳಿ!

ಗಿಣಿ ಸಿಕ್ಕಿದ್ದು ಹೀಗೆ. ಶರಾವತಿಗೆ ಅಣೆಕಟ್ಟು ಕಟ್ಟಿ ನೀರು ನಿಲ್ಲಿಸುವ ವರ್ಷ ಅದು. ಮುಳುಗಡೆಯ ಹಳ್ಳಿಗಳ ಜನ ಬಾಗಿಲು, ತೊಲೆ, ಒರಳು, ನೇಗಿಲು ಎಲ್ಲವನ್ನೂ ಲಾರಿಗೆ ಹೇರಿಕೊಂಡು ಸಾಗರದ ಮೇಲೆ ಹಾದುಹೋಗುತ್ತಿದ್ದರು. ಏಪ್ರಿಲ್ಲಿನ ಒಂದು ಸುಡು ಮಧ್ಯಾಹ್ನ ಅಂಥ ಒಂದು ಲಾರಿ ಅಂಗಡಿಯ ಮುಂದೆ ನಿಂತಿತು. ಬ್ಯಾಕೋಡಿನ ಕಡೆಯ ಒಬ್ಬ ಅಮ್ಮ ಬಿದಿರಿನ ಪಂಜರ ಹಿಡಿದುಕೊಂಡು ಇಳಿದರು. ಅವರ ಮನೆಯವರ ಅಂಗಿ, ಮಕ್ಕಳ ಲಂಗ ಎಲ್ಲ ವರ್ಷಾವರ್ಷ ಮಾವನೇ ಹೊಲಿಯುತ್ತಿದ್ದುದು. ಪಂಜರದಲ್ಲಿ ಎರಡು ಗಿಣಿಗಳು ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು.

"ಟೈಲರಣ್ಣ, ನಮಗೆ ಹೊಸನಗರದ ಆಚೆ, ಕವಲೇದುರ್ಗದ ದಿಕ್ಕಿಗೆ ಜಾಗ ಕೊಟ್ಟಿದಾರೆ. ಬರೀ ಕಾಡು, ಒಂದು ಸೂರಿಲ್ಲ. ಮನೆ ಅಂತ ಒಂದು ಆಗೋವರ್ಗೆ ಇವು ನಿಮ್ಮತ್ರ ಇರ್ಲಿ. ಬಂದು ತಗಂಡು ಹೋಗ್ತೀನಿ."

"ಅದಕ್ಕೇನಮ್ಮ, ಇರ್ಲಿ ಬಿಡಿ," ಎಂದರು ಮಾವ.

ಲಾರಿಯವನು ಹಾರನ್ ಒತ್ತುತ್ತಲೇ ಇದ್ದ. ಆ ಅಮ್ಮ ಹತ್ತು ಹೆಜ್ಜೆ ಹೋದವರು ಮತ್ತೆ ಓಡಿ ಬಂದರು. "ಒಣ ಕಾಳು ಹಾಕ್ಬೇಡಿ ಅಣ್ಣ. ನೆನೆಸಿ, ಮೊಳಕೆ ಬರ್ಸಿ ಹಾಕಿ. ತಪ್ಪಿಸ್ಬೇಡಿ."

"ತಪ್ಸಲ್ಲ."

ಆದದ್ದು ಇಷ್ಟೇ ಮಾತು. ಮಾವ ಬಟ್ಟೆಯ ವಿಷಯದಲ್ಲಿ ಕೊಟ್ಟ ಮಾತನ್ನು ಎಂದೂ ಉಳಿಸಿಕೊಂಡವರಲ್ಲ. ದೀಪಾವಳಿಗೆಂದು ಕೊಟ್ಟ ಅಂಗಿ ಯುಗಾದಿಗೆ ಸಿಕ್ಕರೆ ಅದು ಕೊಟ್ಟವನ ಪುಣ್ಯ. ಆ ತಪ್ಪಿದ ಮಾತುಗಳ ಪಾಪವನ್ನೆಲ್ಲ ಈ ಒಂದರಲ್ಲಿ ತೊಳೆದುಕೊಳ್ಳಬೇಕು ಎಂದುಕೊಂಡರೋ ಏನೋ! ಆ ಅಮ್ಮ ಬರುವ ದಿನ ಎರಡು ಗಿಣಿಗಳೂ ಜೀವಂತವಾಗಿ ಅವರ ಕೈ ಸೇರಬೇಕು. ಅಲ್ಲಿಯವರೆಗೆ ಒಂದು ದಿನವೂ ಮೊಳಕೆ ತಪ್ಪಬಾರದು. ಮಾವನಿಗೆ ಅದೇ ವ್ರತವಾಯಿತು.

ಗಿಣಿ ಎಂದರೆ ರಾಮ ರಾಮ ಎನ್ನುತ್ತದೆ ಎಂದು ನಾನು ಒಂದು ತಿಂಗಳು ಕಾದೆ. ಇವು ರಾಮನನ್ನೂ ಕರೆಯಲಿಲ್ಲ, ರಾವಣನನ್ನೂ ಕರೆಯಲಿಲ್ಲ. 'ಕೀ' ಎಂದರೆ 'ಕೀ'. ಬಾಯಿ ಇದ್ದದ್ದು ತಿನ್ನಲಿಕ್ಕೆ ಮಾತ್ರ. ಮೊದಲ ಎರಡು ತಿಂಗಳು ಅದೇನೂ ಕಷ್ಟವಾಗಲಿಲ್ಲ. ಬೇಸಿಗೆಯ ಸೆಕೆಗೆ ಬೆಳಿಗ್ಗೆ ನೆನೆಸಿ ಸಂಜೆ ಕಟ್ಟಿದ ಹೆಸರುಕಾಳು ಮಾರನೆಯ ದಿನವೇ ಮೂತಿ ತೋರಿಸುತ್ತಿತ್ತು. "ನೋಡಿದ್ಯಾ, ಇದಕ್ಕೆಲ್ಲ ಕೈಗುಣ ಬೇಕು," ಎಂದು ಮಾವ ಅತ್ತೆಯ ಎದುರು ಬೀಗಿದ್ದೇ ಬೀಗಿದ್ದು.

ಮಳೆ ಶುರುವಾಯಿತು ನೋಡಿ, ಕೈಗುಣ ಎಲ್ಲಿ ಹೋಯಿತೋ! ಸಾಗರದ ಆಷಾಢದಲ್ಲಿ ಹಾಸಿಗೆ ಹೊದಿಕೆಯೇ ತಣ್ಣಗೆ ಹಸಿಯಾಗಿರುತ್ತದೆ. ಇನ್ನು ಕಾಳಿಗೆ ಬೆಚ್ಚಗಿರಲು ಯಾರು ಹೇಳುತ್ತಾರೆ? ಮೂರು ದಿನ ಕಟ್ಟಿಟ್ಟರೂ ಮೊಳಕೆಯಿಲ್ಲ. ನಾಲ್ಕನೆಯ ದಿನ ಬಿಚ್ಚಿದರೆ ಕಾಳುಗಳೆಲ್ಲ ಬೂಷ್ಟು ಹಿಡಿದು ಮುದುಕರ ಹಾಗೆ ಬಿಳೀ ಗಡ್ಡ ಬಿಟ್ಟುಕೊಂಡು ಕೂತಿದ್ದವು. ವಾಸನೆಯಂತೂ ಕೇಳಬೇಡಿ. ಅಳತೆ ಕೊಡಲು ಬಂದವರು ಉಸಿರು ಬಿಗಿಹಿಡಿದು ನಿಂತ ಕಾರಣ ಆ ಮಳೆಗಾಲದಲ್ಲಿ ಹೊಲಿದ ಅಂಗಿಗಳ ಎದೆಯೆಲ್ಲ ಒಂದೊಂದು ಇಂಚು ಸಡಿಲ ಎಂದು ಅತ್ತೆ ಇವತ್ತಿಗೂ ಸಾಧಿಸುತ್ತಾರೆ.

ಸೋಲೊಪ್ಪುವ ಜಾತಿಯಲ್ಲ ಮಾವ. ಮನೆಯಲ್ಲಿ ಬೆಚ್ಚಗಿನ ಜಾಗ ಯಾವುದು ಎಂಬ ಹುಡುಕಾಟ ಶುರುವಾಯಿತು. ಬಚ್ಚಲ ಹಂಡೆಯ ಪಕ್ಕ ಇಟ್ಟರು, ಒಲೆಯ ಬೂದಿಯಲ್ಲಿ ಹುಗಿದರು, ಅನ್ನದ ಚರಿಗೆಯ ಮುಚ್ಚಳದ ಮೇಲೆ ಕೂರಿಸಿದರು. ಒಮ್ಮೆ ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆಯ ಪಕ್ಕಕ್ಕೆ ಒತ್ತರಿಸಿ ಇಟ್ಟು ಕಾಜಾ ಹೊಲಿಯುತ್ತ ಮೈಮರೆತರು. ಕಾಳು ಮೊಳಕೆಯ ಹಂತವನ್ನು ಹಾರಿ ಸೀದಾ ಹುರಿಗಾಳಾಗಿತ್ತು. ಅತ್ತೆಯೂ ನಾನೂ ಅದಕ್ಕೆ ಒಂದು ಅಚ್ಚು ಬೆಲ್ಲ ಸೇರಿಸಿಕೊಂಡು ತಿಂದೆವು. ಮಾವ ಸಂಜೆಯವರೆಗೆ ನಮ್ಮಿಬ್ಬರ ಹತ್ತಿರವೂ ಮಾತಾಡಲಿಲ್ಲ.

ಬರೀ ಮೊಳಕೆ ಬಂದರೆ ಸಾಕೇ? ಎಷ್ಟು ಉದ್ದದ ಮೊಳಕೆಯನ್ನು ಗಿಣಿ ಇಷ್ಟಪಡುತ್ತದೆ ಎಂದು ಗೊತ್ತಾಗಬೇಡವೇ? ಮಾವ ಹೆಸರುಕಾಳಿನ ಜೊತೆಗೆ ಹುರುಳಿಗೂ ಮೊಳಕೆ ಬರಿಸಿ, ಟೇಪು ಹಿಡಿದು ಒಂದೊಂದೇ ಕಾಳಿನ ಬಾಲವನ್ನು ಅಳೆದು ತಟ್ಟೆಯಲ್ಲಿ ಸಾಲಾಗಿ ಇಟ್ಟರು. ಕಾಲು ಇಂಚಿನದನ್ನು ಗಿಣಿಗಳು ಕಾಲಲ್ಲಿ ಹಿಡಿದು ಕಣ್ಣು ಮುಚ್ಚಿ ಸವಿದವು. ಅರ್ಧ ಇಂಚಿನದನ್ನು ಕಚ್ಚಿ ಮಾವನ ಮುಖದ ಮೇಲೇ ಎಸೆದವು. ಇದೆಲ್ಲ ಗಿರಾಕಿಗಳ ಅಳತೆ ಪುಸ್ತಕದಲ್ಲೇ ದಾಖಲು. ಒಂದು ಪುಟದಲ್ಲಿ ನಮ್ಮ ಹೈಸ್ಕೂಲಿನ ಮೇಷ್ಟ್ರೊಬ್ಬರ ಅಳತೆಯ ಸಾಲನ್ನು ನಾನೇ ಓದಿದ್ದೇನೆ: 'ಎದೆ ಮೂವತ್ತೆಂಟು, ತೋಳು ಇಪ್ಪತ್ತಮೂರು, ಹುರುಳಿ ಕಾಲು, ಕೊರಳು ಹದಿನೈದು.' ಪುಣ್ಯಕ್ಕೆ ಮೇಷ್ಟ್ರಿಗೆ ಹುರುಳಿಯ ಅಳತೆಯಲ್ಲಿ ಏನನ್ನೂ ಹೊಲಿಯಲಿಲ್ಲ.

ರವಿಕೆ ಕಣದ ಕತೆ ಆಗಿನದೇ. ದಪ್ಪ ಬಟ್ಟೆಯೊಳಗೆ ಕಾಳಿಗೆ ಉಸಿರುಕಟ್ಟುತ್ತದೆ, ತೆಳುವಾದದ್ದೇ ಬೇಕು ಎಂದು ಮಾವ ಕಂಡುಹಿಡಿದರು. ತೆಳುವಾದ ಬಟ್ಟೆ ಅಂಗಡಿಯಲ್ಲಿ ಯಾವುದಿತ್ತು? ಮಿಡ್ಲ್ ಸ್ಕೂಲಿನ ಟೀಚರಮ್ಮ ಕೊಟ್ಟುಹೋದ ತಿಳಿನೀಲಿಯ ಕಣ! ಮೂರನೆಯ ದಿನ ಟೀಚರಮ್ಮ ಬಂದವರು ಗೋಡೆಯ ಮೊಳೆಯಲ್ಲಿ ನೀರು ತೊಟ್ಟಿಕ್ಕುತ್ತ ನೇತಾಡುತ್ತಿದ್ದ ಗಂಟನ್ನು ನೋಡಿ ಗುರುತು ಹಿಡಿದರು.

"ಅದು ನಮ್ಮ ಕಣ ಅಲ್ವೇನ್ರೀ?"

"ಹೌದಮ್ಮ. ಹೊಸ ಬಟ್ಟೆ ಮೊದ್ಲು ನೀರಿಗೆ ಹಾಕಿ ಕುಗ್ಸಬೇಕು. ಇಲ್ದಿದ್ರೆ ಹೊಲಿದ ಮೇಲೆ ಬಿಗಿ ಆಗ್ತದೆ."

"ನೀರಿಗೆ ಹಾಕದು ಸರಿ. ಒಳಗೆ ಹೆಸರುಕಾಳು ಎಂತಕ್ಕೆ?"

ಮಾವ ತಡವರಿಸಿದ್ದು ಅರೆಗಳಿಗೆ ಮಾತ್ರ. "ಬಟ್ಟೆ ಸಮಾ ನೆಂದಿದೆ ಅಂತ ಗೊತ್ತಾಗ್ಬೇಕಲ್ಲಮ್ಮ! ಕಾಳು ಮೊಳಕೆ ಬಂತು ಅಂದ್ರೆ ಬಟ್ಟೆ ಹದ ಆತು ಅಂತ ಅರ್ಥ."

ನಾನು ಪುಸ್ತಕದಲ್ಲಿ ಮುಖ ಹುದುಗಿಸಿಕೊಂಡೆ. ಈಗ ಬೀಳುತ್ತದೆ ಬೈಗುಳ ಎಂದು ಕಾದರೆ ಟೀಚರಮ್ಮ ತಲೆದೂಗಿ ಹೋದರು. ರವಿಕೆ ಅದೇನು ಗ್ರಹಚಾರವೋ ಮೈಗೆ ಅಚ್ಚುಹೊಯ್ದ ಹಾಗೆ ಕೂತಿತು. ಮುಂದಿನ ವಾರ ಆ ರಸ್ತೆಯ ಮೂವರು ಹೆಂಗಸರು ಒಟ್ಟಿಗೇ ಬಂದರು. "ನಮ್ದೂ ಮೊಳಕೆ ಬರ್ಸಿಯೇ ಹೊಲಿರಿ ಮಾರಾಯ್ರೆ. ಕಾಳು ಬೇಕಾದ್ರೆ ನಾವೇ ಕೊಡ್ತೀವಿ!"

ಈಗ ಸೊಂಟದ ವಿಷಯ. ಶ್ರಾವಣದಲ್ಲಿ ತೀರ್ಥಹಳ್ಳಿಯ ಕಡೆ ನಮ್ಮ ನೆಂಟರ ಮನೆಯಲ್ಲಿ ಮದುವೆ. ಗಿಣಿಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಎರಡು ದಿನಕ್ಕಾಗುವಷ್ಟು ಮೊಳಕೆ ಕೊಟ್ಟಾಯಿತು. ವಾಪಸು ಬಂದ ದಿನಕ್ಕೆ? ಆ ದಿನದ ಪಾಲನ್ನು ಮಾವ ತಮ್ಮ ಮೈಯ ಕಾವಿನಲ್ಲೇ ಬರಿಸುವುದೆಂದು ತೀರ್ಮಾನಿಸಿ ಒಂದು ಹಿಡಿ ಕಾಳಿನ ಒದ್ದೆ ಗಂಟನ್ನು ಪಂಚೆಯೊಳಗೆ ಸೊಂಟಕ್ಕೆ ಕಟ್ಟಿಕೊಂಡರು. ಕೋಳಿ ಕಾವು ಕೊಡುವುದಿಲ್ಲವೇ, ಮನುಷ್ಯನಿಗೇನು ಧಾಡಿ ಎಂಬುದು ಅವರ ವಾದ. ಅತ್ತೆ ಬಸ್ಸಿನಲ್ಲಿ ನಮ್ಮಿಬ್ಬರಿಂದ ಎರಡು ಸೀಟು ದೂರ ಕೂತರು.

ಮದುವೆಯ ಊಟಕ್ಕೆ ಪಂಕ್ತಿಯಲ್ಲಿ ಕೂತಾಗ ಅನಾಹುತವಾಯಿತು. ಚಕ್ಕಳಮಕ್ಕಳ ಹಾಕಿದ ಒತ್ತಡಕ್ಕೆ ಗಂಟಿನ ನೀರೆಲ್ಲ ಇಳಿದು ಮಾವನ ಪಂಚೆಯ ಮುಂಭಾಗ ಒದ್ದೆ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ನೋಡಿದರು. ತಗ್ಗಿದ ದನಿಯಲ್ಲಿ, "ಬಚ್ಚಲು ಆ ಕಡೆ ಇದೆ. ಏಳ್ತೀರಾ? ವಯಸ್ಸಾದ್ಮೇಲೆ ಹಂಗೇ, ನಾಚಿಕೆ ಎಂತಕ್ಕೆ?" ಎಂದರು.

ಮಾವನಿಗೆ ರೋಷ ಬಂತು. ಕೂತಲ್ಲೇ ಗಂಟನ್ನು ಹೊರಗೆಳೆದು ಬಾಳೆಲೆಯ ಮೇಲೆ ಬಿಚ್ಚಿದರು. "ತಪ್ಪು ತಿಳ್ಕಬೇಡಿ. ಇದು ಹೆಸರುಕಾಳಿನ ನೀರು!"

ಹಿರಿಯರು ಕನ್ನಡಕ ಏರಿಸಿದರು. "ಎಷ್ಟು ದಿನದ್ದು?"

"ನಿನ್ನೆ ಬೆಳಿಗ್ಗೆ ಕಟ್ಟಿದ್ದು."

"ಒಂದೇ ದಿನಕ್ಕಾ! ನಮ್ಮನೇಲಿ ಮೂರು ದಿನ ಆದ್ರೂ ಕಣ್ಣು ಬಿಡಲ್ಲ. ಏ, ಇಲ್ನೋಡ್ರೋ!"

ಗಂಟು ಎಲೆಯಿಂದ ಎಲೆಗೆ ಕೈದಾಟಿತು. ಬೀಜದ ಭತ್ತವನ್ನು ಬುಟ್ಟಿಯಲ್ಲಿ ಕಟ್ಟಿ ಕಲ್ಲು ಹೇರಿ ಮೊಳಕೆ ಬರಿಸಿದ ಜನರೇ ಎಲ್ಲ. ಸೊಂಟದ ಕಾವು ಹೆಚ್ಚೋ ಕಲ್ಲಿನ ಭಾರ ಹೆಚ್ಚೋ ಎಂದು ಪಂಕ್ತಿಯ ಆ ತುದಿಯಿಂದ ಈ ತುದಿಯವರೆಗೆ ಚರ್ಚೆ ಹತ್ತಿಕೊಂಡಿತು. ಹೆಣ್ಣಿನ ತಂದೆ ಪಾಯಸದ ಕೊಳಗ ಹಿಡಿದು, "ಪಾಯಸ, ಪಾಯಸ" ಎನ್ನುತ್ತ ನಿಂತೇ ಇದ್ದರು. ತಲೆಯೆತ್ತಿ ನೋಡುವವರಿಲ್ಲ! "ಇನ್ನು ಈ ಜನ್ಮದಲ್ಲಿ ನಮ್ಮನ್ನ ಯಾರೂ ಮದುವೆಗೆ ಕರೆಯಲ್ಲ," ಎಂದು ಅತ್ತೆ ಕಣ್ಣಲ್ಲಿ ನೀರು ತಂದುಕೊಂಡರು. ಆದದ್ದು ಏನೆಂದರೆ, ಆ ವರ್ಷ ಕರೆಯದಿದ್ದವರೂ ಕರೆಯತೊಡಗಿದರು.

ಸೊಂಟಕ್ಕೆ ದಿನಾ ಕಟ್ಟಿಕೊಂಡು ಮಿಷನ್ ತುಳಿಯಲಾಗುವುದಿಲ್ಲವಲ್ಲ? ಅದಕ್ಕೂ ಮಾವ ದಾರಿ ಕಂಡುಕೊಂಡರು. ಆ ಕಾಲದ ಬಸ್ಸುಗಳಲ್ಲಿ ಇಂಜಿನ್ನು ಡ್ರೈವರನ ಪಕ್ಕದಲ್ಲೇ ಒಂದು ಮುಚ್ಚಳದ ಕೆಳಗೆ ಗುರುಗುಡುತ್ತ ಇರುತ್ತಿತ್ತು. ಚಳಿಗಾಲದಲ್ಲಿ ಅದರ ಪಕ್ಕದ ಸೀಟಿಗೆ ಜಗಳ. ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗಿ, ಅಲ್ಲಿ ತಂಗಿ, ಮಾರನೆಯ ದಿನ ವಾಪಸು ಬರುವ ಬಸ್ಸಿನ ಡ್ರೈವರು ಮಾವನ ಗಿರಾಕಿ. ಅವನ ಖಾಕಿ ಅಂಗಿಯನ್ನು ಒಪ್ಪಿದ ದಿನವೇ ಕೊಡುವ ಷರತ್ತಿನ ಮೇಲೆ ಕಾಳಿನ 'ಸರ್ವಿಸ್' ಶುರುವಾಯಿತು. ಹೋಗುವಾಗ ಒಂದು ಕಾವು, ಬರುವಾಗ ಇನ್ನೊಂದು ಕಾವು. ಗಂಟು ಬಿಚ್ಚಿದರೆ ಅಳೆದು ಕತ್ತರಿಸಿದ ಹಾಗೆ ಎಲ್ಲವೂ ಕಾಲು ಇಂಚು!

ಮೊದಮೊದಲು ಮೂಗು ಮುರಿದ ಡ್ರೈವರನಿಗೂ ಬರಬರುತ್ತ ಹುಚ್ಚು ಹಿಡಿಯಿತು. ನಿಂತ ನಿಂತ ಕಡೆ ಗಂಟು ಬಿಚ್ಚಿ ನೋಡುವನಂತೆ. ಬಸ್ಸಿಳಿದು ಅಂಗಡಿಗೆ ಬಂದು ಹೆರಿಗೆಯ ಸುದ್ದಿ ಹೇಳುವವರ ಹಾಗೆ ಹೇಳುತ್ತಿದ್ದ. "ಹೊಸನಗರ ದಾಟೋವಾಗ ಸಿಪ್ಪೆ ಒಡೆದಿತ್ತು ಸಾರ್. ತೀರ್ಥಹಳ್ಳೀಲಿ ಮೂತಿ ಹೊರಗೆ ಬಂತು. ಏನೂ ತೊಂದ್ರೆ ಆಗ್ಲಿಲ್ಲ."

ಮಾವ ಸಮಾಧಾನದಿಂದ ಕೇಳಿಸಿಕೊಂಡು, ಕೊನೆಗೆ ತಪ್ಪದೆ ಒಂದು ಪ್ರಶ್ನೆ ಹಾಕುತ್ತಿದ್ದರು. "ಹೊಸನಗರದಲ್ಲಿ ಹತ್ತಿದವರನ್ನ ಕೇಳಿದ್ಯಾ?"

"ಕೇಳ್ದೆ ಸಾರ್. ಮುಳುಗಡೆಯವರು ಅಲ್ಲೊಂದು ಇಲ್ಲೊಂದು ಗುಡ್ಲು ಹಾಕ್ಕಂಡಿದಾರಂತೆ. ಗಿಣಿ ಕೊಟ್ಟ ಅಮ್ಮ ಅಂದ್ರೆ ಯಾರಿಗೂ ಗೊತ್ತಿಲ್ಲ."

ಒಂದು ದಿನ ಗಂಟು ಬರಲೇ ಇಲ್ಲ. ಬಂದದ್ದು ಬಟ್ಟೆ ಮಾತ್ರ, ಒಗೆದು, ಒಣಗಿಸಿ, ನಾಲ್ಕು ಮಡಿಕೆ ಮಾಡಿ. ಡ್ರೈವರು ತಲೆ ತುರಿಸಿಕೊಂಡ. ತೀರ್ಥಹಳ್ಳಿಯಲ್ಲಿ ಅವನ ಹೆಂಡತಿ ಗಂಡ ಎಂದೂ ಇಲ್ಲದೆ ಮನೆಗೆ ಸಾಮಾನು ತಂದನೆಂದು ಹಿಗ್ಗಿ ಆ ಸಲ ಕಟ್ಟಿದ್ದ ಹುರುಳಿಯನ್ನು ಸಾರು ಮಾಡಿಬಿಟ್ಟಿದ್ದಳು. "ಇಷ್ಟು ಚೆನ್ನಾಗಿರೋ ಮೊಳಕೆ ಯಾರು ಕೊಟ್ಟಿದ್ದು ಅಂತ ಕೇಳಿದ್ಲು ಸಾರ್. ಇನ್ನೊಂಚೂರು ಸಿಗ್ತದಾ ಅಂತ..." ಮಾವನ ಮುಖ ಕೆಂಪಾಯಿತು. ಮಿಷನ್ನಿನ ಚಕ್ರ ನಿಂತಿತು. ಅತ್ತೆ ಬಾಗಿಲಿಗೆ ಬಂದು ನಿಂತರು. ಮಾವ ಉಸಿರೆಳೆದುಕೊಂಡು ಕೇಳಿದ್ದೇನು ಗೊತ್ತೇ? "ಸಾರಿಗೆ ಎಷ್ಟು ಉದ್ದದ್ದು ಒಳ್ಳೇದಂತೆ, ಕೇಳಿದ್ಯಾ?"

ಹೀಗೆ ಒಂದು ವರ್ಷ ಕಳೆಯಿತು, ಎರಡಾಯಿತು. ಆ ಅಮ್ಮನ ಸುಳಿವಿಲ್ಲ. ಅಕ್ಕಿಗೆ ಬರ ಬಂದು ಎಲ್ಲರೂ ರೇಷನ್ನಿನ ಕೆಂಪು ಜೋಳ ತಿನ್ನುತ್ತಿದ್ದ ಕಾಲವೂ ಬಂತು. ಮಾವ ಆ ಜೋಳಕ್ಕೂ ಮೊಳಕೆ ಬರಿಸಿ ಇಟ್ಟು ನೋಡಿದರು. ಗಿಣಿಗಳು ಮೂಸಲಿಲ್ಲ. "ಮನುಷ್ಯರಿಗೆ ಜೋಳ, ಗಿಣಿಗೆ ಹೆಸರುಕಾಳು! ಕೇಳಿದವ್ರು ಏನಂತಾರೆ?" ಎಂದು ಅತ್ತೆ ಗುಡುಗಿದರು. ಮಾವ ತಮ್ಮ ಬೆಳಗಿನ ಕಾಫಿ ಬಿಟ್ಟರು. ಆ ಉಳಿತಾಯದಲ್ಲಿ ಕಾಳು ಬಂತು. ಮತ್ತೆ ಅತ್ತೆ ಆ ವಿಷಯ ಎತ್ತಲಿಲ್ಲ.

ಎದುರು ಸಾಲಿನ ಹೋಟೆಲಿನವರಿಗೆ ಗಿಣಿಗಳ ಮೇಲೆ ಕಣ್ಣು. ಹೋಟೆಲಿನ ಬಾಗಿಲಲ್ಲಿ ನೇತುಹಾಕಿದರೆ ಗಿರಾಕಿ ಬರುತ್ತಾರೆ ಎಂದು ಲೆಕ್ಕ. "ಕೊಟ್ಟುಬಿಡಿ ಟೈಲ್ರೇ. ಆ ಹೆಂಗಸು ಎಲ್ಲಿದಾಳೋ, ಇದಾಳೋ ಇಲ್ವೋ. ಎಲ್ಲ ಕಳ್ಕಂಡವರಿಗೆ ಎರಡು ಗಿಣಿ ನೆನಪಿರ್ತದಾ?" ಎಂದರು.

"ಹೊಲಿಯಕ್ಕೆ ಕೊಟ್ಟ ಬಟ್ಟೆ ಮಾರ್ತೀವಾ?" ಎಂದರು ಮಾವ.

"ಮಾರಲ್ಲ. ಹೊಲಿದೂ ಕೊಡಲ್ಲ," ಎಂದು ಒಳಗಿನಿಂದ ಅತ್ತೆಯ ದನಿ ಬಂತು.

ಎಲ್ಲರೂ ನಕ್ಕೆವು. ನನಗೆ ಮಾತ್ರ ಅವತ್ತು ಒಂದು ಕುತೂಹಲ ಉಳಿಯಿತು. ಪ್ರತಿಯೊಂದಕ್ಕೂ ಎಂತಕ್ಕೆ ಎಂದು ಕೇಳುವ ಈ ಮನುಷ್ಯ, 'ಆ ಅಮ್ಮ ಇನ್ನೂ ಬಂದಿಲ್ಲ, ಎಂತಕ್ಕೆ?' ಎಂದು ಒಂದು ದಿನವೂ ಕೇಳಲಿಲ್ಲವಲ್ಲ?

ಮೂರನೆಯ ಮಳೆಗಾಲದ ಕೊನೆಗೆ ಒಂದು ಗಿಣಿ ಮೈ ಉಬ್ಬಿಸಿಕೊಂಡು ತಲೆ ರೆಕ್ಕೆಯಲ್ಲಿ ಹುದುಗಿಸಿ ಕೂತಿತು. ಕಾಳು ಮುಟ್ಟಲಿಲ್ಲ. ದೀಪಾವಳಿಗೆ ಹತ್ತೇ ದಿನ. ಹೊಲಿಗೆಯವರು ಉಣ್ಣಲೂ ಪುರುಸೊತ್ತಿಲ್ಲದ ಸಮಯ. ಮಾವ ಅಂಗಡಿಯ ಬಾಗಿಲು ಎಳೆದು ಪಂಜರದ ಮುಂದೆ ಕೂತುಬಿಟ್ಟರು. ಬೂಷ್ಟಿನ ಕಾಳು ಒಂದೆರಡು ಕಣ್ತಪ್ಪಿ ಹೋಗಿರಬೇಕು, ತಮ್ಮದೇ ತಪ್ಪು ಎಂದು ಅವರಿಗೆ ಅನುಮಾನ. ಬಿಸಿನೀರಿನಲ್ಲಿ ತೊಳೆದ ಕಾಳನ್ನು ಒಂದೊಂದಾಗಿ ಸಿಪ್ಪೆ ಬಿಡಿಸಿ, ಬೆರಳ ತುದಿಯಲ್ಲಿಟ್ಟು ಕೊಕ್ಕಿನ ಹತ್ತಿರ ಹಿಡಿಯುತ್ತಿದ್ದರು. "ಬೇರೆಯವರ ಸ್ವತ್ತು ಕಣೇ ಇದು. ಅವರಿಗೆ ನಾನು ಎಂತ ಹೇಳ್ಲಿ?" ಎಂದು ನನ್ನ ಹತ್ತಿರ ಮತ್ತೆ ಮತ್ತೆ ಹೇಳುತ್ತಿದ್ದರು. ಹೊರಗೆ ಗಿರಾಕಿಗಳು ಬಾಗಿಲು ಬಡಿದು ಬೈದು ಹೋಗುತ್ತಿದ್ದರು. ಮೂರನೆಯ ದಿನ ಗಿಣಿ ಬೆರಳ ಮೇಲಿನ ಕಾಳು ತಿಂದಿತು. ಅವತ್ತು ನಾನೂ ಅತ್ತೆಯೂ ಗಿರಾಕಿಗಳ ಅಂಗಿಗೆ ಗುಂಡಿ ಹಾಕಲು ಕೂತೆವು. ನಾನು ಹಾಕಿದ ಗುಂಡಿಗಳಲ್ಲಿ ಎಷ್ಟು ಹಬ್ಬದ ದಿನ ಉದುರಿದವು ಎಂದು ಯಾರೂ ಕೇಳಬೇಡಿ.

ಆಮೇಲೆ ಪುಷ್ಯಮಾಸದ ಒಂದು ಬೆಳಿಗ್ಗೆ ತೀರ್ಥಹಳ್ಳಿಯ ಬಸ್ಸಿನ ಡ್ರೈವರು ಓಡಿಬಂದ. ಅವನ ಹಿಂದೆ, ಕಂಕುಳಲ್ಲಿ ಒಂದು ಗಂಟು ಇಟ್ಟುಕೊಂಡು, ಆ ಅಮ್ಮ! ಬಿಸಿಲಿಗೆ ಕಪ್ಪಾಗಿದ್ದರು, ಅರ್ಧಕ್ಕರ್ಧ ಇಳಿದುಹೋಗಿದ್ದರು. ಅಂಗಡಿಯ ಮೆಟ್ಟಿಲ ಮೇಲೇ ನಿಂತು ಪಂಜರ ನೋಡಿದರು. "ಎರಡೂ ಇದಾವೆ," ಎಂದರು, ತಮಗೆ ತಾವೇ ಹೇಳಿಕೊಳ್ಳುವ ಹಾಗೆ.

ಅತ್ತೆ ಕಾಫಿ ಕೊಟ್ಟರು. ಕಾಫಿಯ ಜೊತೆಗೆ ಮೂರು ವರ್ಷದ ದೂರನ್ನೂ ಕೊಟ್ಟರು. ರವಿಕೆ ಕಣ, ಸೊಂಟ, ಬಸ್ಸು ಯಾವುದನ್ನೂ ಬಿಡಲಿಲ್ಲ. ಆ ಅಮ್ಮ ಲೋಟ ಕೆಳಗಿಟ್ಟರು. "ಮಳೆಗಾಲದಾಗೂ ಮೊಳಕೆ ಬರ್ಸಿದ್ರಾ ಅಣ್ಣ?"

"ಒಂದು ದಿನ ಕಾಳು ಕಟ್ಟದು ತಪ್ಸಿಲ್ಲಮ್ಮ," ಎಂದರು ಮಾವ, ಹೆಮ್ಮೆಯಿಂದ.

"ಅಯ್ಯೋ ನಮ್ಮಪ್ಪಾ! ಬೇಸಿಗೇಲಿ ಹಸಿರು ಸಿಕ್ಕಲ್ಲ ಅಂತ ನಾನು ಹೇಳಿದ್ದು. ಮಳೆ ಬಿದ್ಮೇಲೆ ರಸ್ತೆ ಬದಿ ಹುಲ್ಲಿನ ತೆನೆ ಕಿತ್ತು ಹಾಕಿದ್ರೆ ಸಾಕಿತ್ತು. ನಾವು ಮಳೆಗಾಲದಾಗೆ ಒಂದು ಕಾಳೂ ನೆನೆಸ್ತಿರ್ಲಿಲ್ಲ!"

ಅತ್ತೆ ಗೋಡೆಗೆ ಒರಗಿ ನಗತೊಡಗಿದವರು ನಿಲ್ಲಿಸಲಾಗದೆ ಕೆಳಗೆ ಕೂತರು. ಆ ಅಮ್ಮನೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಮೂರು ಮಳೆಗಾಲದ ಹೋರಾಟವನ್ನು ಒಂದೇ ಮಾತಿನಲ್ಲಿ ತೊಳೆದುಹಾಕಿದರೆ ಯಾರಿಗಾದರೂ ಎದೆ ಒಡೆಯಬೇಡವೇ? ಮಾವ ಕಣ್ಣರಳಿಸಿ ಕೇಳಿದರು: "ಯಾವ ಹುಲ್ಲು?"

ನಗು ಮುಗಿದ ಮೇಲೆ ಆ ಅಮ್ಮ ಗಂಟು ಬಿಚ್ಚಿದರು. ಒಳಗೆ ಭತ್ತ, ಎರಡು ಸೇರಿನಷ್ಟು. "ಕಾಡು ಕಡಿದು ಗದ್ದೆ ಮಾಡಿದ್ವಿ ಅಣ್ಣ. ಎರಡು ವರ್ಷ ಏನೂ ಕೈಗೆ ಬರ್ಲಿಲ್ಲ. ಇದು ಮೊದಲ್ನೇ ಬೆಳೆ. ಒಕ್ಕಿ ಹದಿನೈದು ದಿನ ಆತು, ಮನೇಲಿ ಇನ್ನೂ ಹೊಸ್ತು ಉಂಡಿಲ್ಲ."

ಹೊಸ್ತು ಎಂದರೆ ಹೊಸ ಅಕ್ಕಿಯ ಮೊದಲ ಊಟ. ನಮ್ಮ ಕಡೆ ಮನೆಯ ಮಂದಿ ಒಬ್ಬರು ಊರಲ್ಲಿಲ್ಲದಿದ್ದರೂ ಅವರು ಬರುವವರೆಗೆ ಕಾಯುತ್ತಾರೆ. "ಯಾರಿಗೆ ಕಾಯ್ತಿದೀರಿ?" ಎಂದು ಅತ್ತೆ ಕೇಳಿದರು. ಆಕೆ ಪಂಜರದ ಕಡೆ ಕೈ ತೋರಿಸಿದರು. "ಆ ಮನೆಯಿಂದ ಹೊರಟವರಲ್ಲಿ ಇವೆರಡೇ ಬಾಕಿ ಇರೋದು. ಇವು ಬಾಯಿಗೆ ಹಾಕ್ಕಳದೆ ನಾವು ಹೆಂಗೆ ಉಣ್ಣದು?"

ಅತ್ತೆ ಎದ್ದು ಒಂದು ಬುಟ್ಟಿ ತಂದುಕೊಟ್ಟರು. ಭತ್ತವನ್ನು ಆಕೆಯೇ ನೆನೆಸಿ, ಬುಟ್ಟಿಗೆ ಬಾಳೆಲೆ ಹಾಸಿ ತುಂಬಿ, ಮೇಲೆ ಕಲ್ಲು ಹೇರಿದರು. ಮೂರು ದಿನ ಅವರು ನಮ್ಮ ಮನೆಯಲ್ಲೇ ಉಳಿದರು. ಗಿಣಿಗಳು ಈ ಮೊಳಕೆ ತಿಂದ ಮೇಲೆ ಆಕೆ ಅವನ್ನು ಮನೆಗೆ ಒಯ್ಯುವುದು, ಆಮೇಲೆ ಅಲ್ಲಿ ಎಲ್ಲರಿಗೂ ಹೊಸ್ತು ಎಂದು ನಿಶ್ಚಯವಾಯಿತು. ನಾಲ್ಕನೆಯ ಬೆಳಿಗ್ಗೆ ಭತ್ತದ ತುದಿಯಲ್ಲಿ ಬಿಳಿಯ ಚುಕ್ಕೆ ಮೂಡಿತ್ತು. ಮಾವ ಅಳೆಯಲಿಲ್ಲ.

ಆ ಅಮ್ಮ ಪಂಜರದ ಬಾಗಿಲು ತೆಗೆದು ಅಂಗೈಯಲ್ಲಿ ಭತ್ತ ಹಿಡಿದರು. ಗಿಣಿಗಳು ಆಕೆಯನ್ನು ಒಮ್ಮೆ ನೋಡಿ, ಮಾವ ಕೂತಿದ್ದ ಕಡೆಯ ಮೂಲೆಗೆ ಸರಿದು ಕಡ್ಡಿಗೆ ಅಂಟಿಕೊಂಡವು. "ಬಾರೇ, ನಾನು ಕಣೇ," ಎಂದು ಆಕೆ ಕರೆದರು. ಮತ್ತೆ ಮತ್ತೆ ಕರೆದರು. ಕೈಯನ್ನು ಇನ್ನಷ್ಟು ಒಳಗೆ ಚಾಚಿದರು. ಭತ್ತ ನಾಲ್ಕು ಕಾಳು ನೆಲಕ್ಕೆ ಬಿತ್ತು.

"ಮರೆತಿದಾವೆ ಅಣ್ಣ," ಎಂದರು. "ನಿಮ್ಮನ್ನೇ ಹಚ್ಚಿಕಂಡಿದಾವೆ. ನೀವೇ ಇಟ್ಕಳಿ. ನಾನು ಮನೇಲಿ ಏನಾದ್ರೂ ಹೇಳ್ತೀನಿ."

ಮಾವ ಒಂದೇ ಒಂದು 'ಹೂಂ' ಎಂದಿದ್ದರೆ ಗಿಣಿಗಳು ನಮ್ಮವಾಗುತ್ತಿದ್ದವು. ಅನ್ನಿ ಮಾವ, ಅನ್ನಿ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ನಾಚಿಕೆಯಾಗುತ್ತದೆ, ಆದರೂ ನಿಜ ಹೇಳುತ್ತಿದ್ದೇನೆ. ಮಾವ ಎದ್ದು ನಿಂತರು.

"ನಾನು ಎದುರಿಗಿದ್ರೆ ಅವು ನಿಮ್ಮತ್ರ ಬರಲ್ಲಮ್ಮ."

ಚಪ್ಪಲಿಯನ್ನೂ ಮೆಟ್ಟದೆ ಮೆಟ್ಟಿಲಿಳಿದು, ರಸ್ತೆ ದಾಟಿ, ಆಚೆ ಬದಿಯಲ್ಲಿ ನಮಗೆ ಬೆನ್ನು ಮಾಡಿ ನಿಂತರು. ಒಂದು ಗಿಣಿ ಬಾಗಿಲ ಕಡೆ ತಿರುಗಿ 'ಕೀ' ಎಂದು ಕೂಗಿತು. ಮಾವನ ಭುಜ ಅಲುಗಿತು. ಅವರು ತಿರುಗಲಿಲ್ಲ. ಗಿಣಿ ಇನ್ನೊಮ್ಮೆ ಕೂಗಿ, ಕಾದು, ಕೊನೆಗೆ ಕಡ್ಡಿಯ ಮೇಲೆ ಒಂದೊಂದೇ ಹೆಜ್ಜೆ ಇಡುತ್ತ ಈ ಕಡೆ ಬಂತು. ಕುತ್ತಿಗೆ ಚಾಚಿ ಆಕೆಯ ಅಂಗೈಯಿಂದ ಒಂದು ಕಾಳು ಎತ್ತಿಕೊಂಡಿತು. ಅದರ ಹಿಂದೆ ಇನ್ನೊಂದೂ ಬಂತು.

ನಾನು ಬಾಗಿಲಿಗೆ ಓಡಿದೆ. "ಮಾವಾ, ತಿಂತಾ ಇದಾವೆ!"

"ಎರಡೂನಾ?" ತಿರುಗದೆಯೇ ಕೇಳಿದರು.

"ಎರಡೂ."

"ಎಲ್ಲಾ ಮುಗಿಸ್ಲಿ. ಆಮೇಲೆ ಬರ್ತೀನಿ."

ಒಳಗೆ ಆ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ನು ನಾವು ಹೊಸ್ತು ಉಣ್ಬೋದು," ಎಂದರು. ಹೊರಗೆ ಮಾವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ರಸ್ತೆಯ ಬದಿಯಲ್ಲಿ ನಿಂತೇ ಇದ್ದರು.